ಮಾಡೆಲ್ ರೈಲಿನ ಹಳಿ ಕತ್ತರಿಸಲು ಕಟರ್ ಹಿಡಿಯುವ ಬಗೆ

ಫ್ಲೆಕ್ಸ್ ಟ್ರ್ಯಾಕ್ (ಬೇಕಾದ ಹಾಗೆ ಬಗ್ಗಿಸಬಹುದಾದ ಮಾಡೆಲ್ ಹಳಿ) ಕತ್ತರಿಸುವಾಗ ರೇಲ್ ಕಟರ್‌ನ ಚಪ್ಪಟೆ ಬದಿ ನೀವು ಉಳಿಸಿಕೊಳ್ಳುವ ತುಂಡಿನ ಕಡೆಗೇ ಇರಲಿ. ಕಟರ್ ಹಳಿಯನ್ನು ಮೇಲಿನಿಂದ, ಕೆಳಗಿನಿಂದ ಕಚ್ಚಬೇಕು, ಪಕ್ಕದಿಂದ ಬೇಡ. ಚಪ್ಪಟೆ ಬದಿಯ ತುದಿ ಹೆಚ್ಚುಕಡಿಮೆ ನೇರವಾಗಿ ಬರುತ್ತದೆ. ಇನ್ನೊಂದು ಬದಿಯದು ಚಿವುಟಿದ ಹಾಗೆ ಚೂಪಾಗುತ್ತದೆ. ಪಕ್ಕದಿಂದ ಒತ್ತಿದರೆ ಹಳಿಯ ತಲೆ ಸೊಟ್ಟಗಾಗಬಹುದು. ಕತ್ತರಿಸಿದ ಮೇಲೆ ತುದಿಯನ್ನು ಸಣ್ಣ ಅರದಿಂದ ಎರಡು ಸಲ ಉಜ್ಜಿದರೆ ಸಾಕು. ಹಳಿಯ ಬುಡದಲ್ಲಿ ಉಳಿಯುವ ಮುಳ್ಳಿನಂಥ ಲೋಹದ ಚೂರನ್ನು ಉಜ್ಜಿ ತೆಗೆಯಲು ಮಾತ್ರ ಮರೆಯಬೇಡಿ, ಜಾಯಿನರ್ (ಎರಡು ಹಳಿಗಳ ತುದಿ ಜೋಡಿಸುವ ಲೋಹದ ತುಣುಕು) ಸಿಕ್ಕಿಕೊಳ್ಳುವುದು ಅಲ್ಲೇ. ಈಗಾಗಲೇ ಅಂಟಿಸಿದ ಟ್ರ್ಯಾಕ್‌ಗೆ ಇದು ಆಗುವುದಿಲ್ಲ, ಹಳಿಯ ಕೆಳಗೆ ಕಟರ್ ತೂರುವುದಿಲ್ಲ ಅಲ್ವಾ. ಅಲ್ಲಿ ರೇಜರ್ ಗರಗಸ (ತೆಳು ಅಲಗಿನ ಸಣ್ಣ ಗರಗಸ) ಅಥವಾ ಕಟಾಫ್ ಡಿಸ್ಕ್ (ತಿರುಗುತ್ತ ಕತ್ತರಿಸುವ ತೆಳು ಬಿಲ್ಲೆ) ಬೇಕು. ಗಟ್ಟಿ ಉಕ್ಕಿನ ತಂತಿಗಂತೂ ಈ ಕಟರ್ ಹಾಕಲೇಬೇಡಿ, ಅಂಚು ಮುಕ್ಕಾಗುತ್ತದೆ. ಹಳಿ ಕತ್ತರಿಸುವಾಗ ತುಂಡು ಜೋರಾಗಿ ಹಾರುತ್ತದೆ, ಕಣ್ಣಿನ ರಕ್ಷಣೆಗೆ ಕನ್ನಡಕ ಹಾಕಿಕೊಳ್ಳಿ.