ಇಟ್ಟಂಗಿ ಕೆಂಪೋ, ತಿಳಿ ನೀಲಿಯೋ? ಮೊದಲು ರಟ್ಟಿಗೆ ಹಚ್ಚಿ ನೋಡಿ

ವಿಜಯಪುರದ ನಮ್ಮ ಮನೆಯ ಪಡಸಾಲೆ ಪಶ್ಚಿಮಕ್ಕಿದೆ. ಅದರ ಗೋಡೆಗೆ ನನಗೆ ಇಟ್ಟಂಗಿ ಕೆಂಪು ಬೇಕಿತ್ತು, ಅವ್ವನಿಗೆ ತಿಳಿ ನೀಲಿ. ಬಣ್ಣಗಳ ಮಾದರಿ ಇರುವ ಶೇಡ್ ಕಾರ್ಡ್ ಹಿಡಿದುಕೊಂಡು ಎರಡು ದಿನ ವಾದ ಮಾಡಿದೆವು. ಬಗೆಹರಿಯಲಿಲ್ಲ. ಹೇಗೆ ಬಗೆಹರಿಯಬೇಕು? ಬೆರಳಗಲದ ಚೀಟಿಯಲ್ಲಿ ಕಂಡ ಬಣ್ಣ ನಾಲ್ಕು ಗೋಡೆಗೆ ಬಂದಾಗ ಬೇರೆಯೇ ಕಾಣುತ್ತದೆ, ಅಲ್ವಾ?

ಅದಕ್ಕೆ ಹೀಗೆ ಮಾಡಿ. ಎರಡೂ ಬಣ್ಣದ ಸಣ್ಣ ಡಬ್ಬಿ ತನ್ನಿ. 2 ಅಡಿ ಉದ್ದ, 2 ಅಡಿ ಅಗಲದ ಎರಡು ದಪ್ಪ ರಟ್ಟಿಗೆ ಮೊದಲು ಬಿಳಿ ಪ್ರೈಮರ್ ಹೊಡೆಯಿರಿ, ಆಮೇಲೆ ಒಂದೊಂದಕ್ಕೆ ಒಂದೊಂದು ಬಣ್ಣ, ಎರಡು ಕೋಟ್. ಸುತ್ತಲೂ ಎರಡು ಬೆರಳಷ್ಟು ಬಿಳಿ ಅಂಚು ಬಿಡಿ, ಇಲ್ಲದಿದ್ದರೆ ಗೋಡೆಯ ಹಳೇ ಬಣ್ಣ ಕಣ್ಣಿಗೆ ಅಡ್ಡ ಬರುತ್ತದೆ. ಹಸಿ ಇದ್ದಾಗ ನೋಡಿ ಏನೂ ತೀರ್ಮಾನ ಮಾಡಬೇಡಿ. ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ, ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ.

ಎರಡು ರಟ್ಟನ್ನೂ ಮಗ್ಗುಲಿಗೆ ಮಗ್ಗುಲು ಇಡಬೇಡಿ. ಕೆಂಪಿನ ಪಕ್ಕ ನೀಲಿ ಇಟ್ಟರೆ ಕೆಂಪು ಇನ್ನೂ ಕೆಂಪು, ನೀಲಿ ಇನ್ನೂ ನೀಲಿ ಕಾಣುತ್ತದೆ, ನಿಮ್ಮ ಗೋಡೆಯ ಮೇಲೆ ಒಂದೇ ಇದ್ದಾಗ ಹಾಗಿರುವುದಿಲ್ಲ. ಇವತ್ತು ಒಂದು, ನಾಳೆ ಅದೇ ಜಾಗದಲ್ಲಿ ಇನ್ನೊಂದು. ಬೆಳಿಗ್ಗೆ, ಇಳಿಹೊತ್ತು, ರಾತ್ರಿ ದೀಪ ಹಾಕಿದ ಮೇಲೆ, ಮೂರೂ ಹೊತ್ತು ನೋಡಿ. ಮೊಬೈಲ್ ಫೋಟೋ ನಂಬಬೇಡಿ, ಕ್ಯಾಮೆರಾ ತನಗೆ ಬೇಕಾದ ಹಾಗೆ ಬಣ್ಣ ತಿದ್ದುತ್ತದೆ.

ನಮ್ಮಲ್ಲಿ ಸಂಜೆ ಐದಕ್ಕೆ ಕಿಟಕಿಯ ಬಿಸಿಲು ಕೆಂಪು ರಟ್ಟಿನ ಮೇಲೆ ಬಿದ್ದಾಗ ಒಲೆಯ ಕೆಂಡ ನೋಡಿದ ಹಾಗಾಯಿತು. ಮೇ ತಿಂಗಳ ಸೆಖೆಯಲ್ಲಿ ಅದರ ಎದುರು ಕೂರುವುದು ಕಷ್ಟ ಅಂತ ನನಗೇ ಅನಿಸಿತು. ಅದೇ ಬಿಸಿಲಿಗೆ ನೀಲಿ ಮಾತ್ರ ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿ ಮೆತ್ತಗಾಯಿತು. ರಾತ್ರಿ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಕೆಳಗೆ ಕೆಂಪು ಮಂಕಾಗಿ ಕಂದಿದರೆ, 3000 ಕೆಲ್ವಿನ್‌ನ ಹಳದಿ ಬಲ್ಬ್ ಹಾಕಿದಾಗ ಚೆಂದ ಬೆಚ್ಚಗಾಯಿತು. ಹಾಗಾಗಿ ನಿಮ್ಮ ಮನೆಯಲ್ಲಿ ಇರುವ ಬಲ್ಬಿನಲ್ಲೇ ನೋಡಿ.

ನೆಲವನ್ನೂ ಮರೀಬೇಡಿ. ನಮ್ಮದು ಬೂದಿ ಬಣ್ಣದ ಶಹಾಬಾದ್ ಫರಸಿ, ನೀಲಿಗೆ ಹೊಂದಿತು. ನಿಮ್ಮಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟ್ ಇದ್ದರೆ ರಟ್ಟನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿ. ನೆಲದಿಂದ ಎದ್ದ ಕೆಂಪು ಬೆಳಕು ಗೋಡೆಯ ಕೆಳಭಾಗಕ್ಕೆ ಬಣ್ಣ ಬಳಿಯುತ್ತದೆ.

ಕೊನೆಗೆ ಪಡಸಾಲೆಗೆ ಅವ್ವನ ನೀಲಿ ಹಚ್ಚಿದೆವು. ಬಿಸಿಲು ಬೀಳದ ನನ್ನ ಕೋಣೆಯ ಒಂದೇ ಗೋಡೆಗೆ ಇಟ್ಟಂಗಿ ಕೆಂಪು. ಶೇಡ್ ನಂಬರನ್ನು ರಟ್ಟಿನ ಹಿಂದೆ ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ, ನೀವೂ ಇಡಿ. ಮುಂದೆ ಎಲ್ಲಾದರೂ ಗೋಡೆ ಕೆತ್ತಿದರೆ ಅದೇ ಬಣ್ಣ ತರಲು ಬೇಕಾಗುತ್ತದೆ.