ಗುಡ್ಡ ಎಲ್ಲೈತಿ ಇದರಾಗ?

ಪುಣೆಗೆ ಕೆಲಸಕ್ಕೆ ಬಂದ ಎರಡನೇ ವರ್ಷ ಕ್ಯಾಮೆರಾ ಕೊಂಡೆ. ಅದೇ ಭಾನುವಾರ ಬುಡದ ಹಳ್ಳಿ ಆತಕರವಾಡಿಯಿಂದ ಸಿಂಹಗಡ ಕೋಟೆಯ ಗುಡ್ಡ ಹತ್ತಿದೆ. ತೆಗೆದವುಗಳಲ್ಲಿ ಒಳ್ಳೆಯದೆನಿಸಿದ ಒಂದು ಚಿತ್ರವನ್ನು ಧಾರವಾಡದಲ್ಲಿರುವ ಅಪ್ಪನಿಗೆ ಕಳಿಸಿದೆ. ಸಂಜೆ ಫೋನ್ ಬಂತು. "ಚಲೋ ಐತಿ. ಆದ್ರ ಗುಡ್ಡ ಎಲ್ಲೈತಿ ಇದರಾಗ?"

ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಅಪ್ಪ ಹೇಳಿದ್ದು ನಿಜವಾಗಿತ್ತು. ಕಣ್ಣೆದುರು ತೋರಣಾ, ರಾಜಗಡ ಕೋಟೆಗಳ ಗುಡ್ಡಗಳು ಎದ್ದು ನಿಂತಿದ್ದವು. ಚಿತ್ರದಲ್ಲಿ ಅವು ಕೆಳಗಡೆ ಒಂದು ತೆಳು ಗೆರೆ, ಮೇಲೆಲ್ಲ ಬಿಳಿಚಿಕೊಂಡ ಆಕಾಶ. ಕಂಡದ್ದೆಲ್ಲ ಬರಲಿ ಎಂಬ ಆಸೆಯಿಂದ 18–55 ಮಿ.ಮೀ. ಲೆನ್ಸನ್ನು ಎಲ್ಲಕ್ಕಿಂತ ಅಗಲವಾಗಿ ಕಾಣುವ 18ಕ್ಕೆ ಇಟ್ಟು ತೆಗೆದಿದ್ದೆ. ಅಗಲ ಲೆನ್ಸು ದೂರದ್ದನ್ನು ಕುಗ್ಗಿಸಿ ಹತ್ತಿರದ್ದನ್ನು ಹಿಗ್ಗಿಸುತ್ತದೆ. ಹತ್ತಿರ ನಾನು ಏನನ್ನೂ ಇಟ್ಟಿರಲಿಲ್ಲ.

ಆರು ತಿಂಗಳ ನಂತರ ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್, ಬಳಸಿದ 55–250 ಒಂದು ಸಿಕ್ಕಿತು. ನಿಸರ್ಗದ ಚಿತ್ರಕ್ಕೆ ಅಗಲ ಲೆನ್ಸೇ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಸಹ್ಯಾದ್ರಿಯ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಇಲ್ಲಿ ಒಂದರ ಹಿಂದೆ ಒಂದು ಗುಡ್ಡದ ಸಾಲು. ಅವುಗಳ ನಡುವಿನ ಮಂಜೇ ಚಿತ್ರ. ಉದ್ದ ಲೆನ್ಸಿನಲ್ಲಿ ಸಾಲುಗಳು ಒಂದಕ್ಕೊಂದು ಒತ್ತಿಕೊಂಡು ಬರುತ್ತವೆ: ಮುಂದಿನದು ಕಪ್ಪು, ಅದರ ಹಿಂದಿನದು ನೀಲಿ, ಕೊನೆಯದು ಆಕಾಶದಲ್ಲಿ ಕರಗುವಷ್ಟು ತಿಳಿ.

ಇದಕ್ಕೆ ಡಿಸೆಂಬರ್, ಜನವರಿಯ ಬೆಳಗೇ ಆಗಬೇಕು. ರಾತ್ರಿ ತಣ್ಣಗಾದ ಗಾಳಿ ಕಣಿವೆಗೆ ಇಳಿದು ಮಂಜು ಕಟ್ಟಿರುತ್ತದೆ. ಆ ದಿನಗಳಲ್ಲಿ ಸೂರ್ಯ ಮೂಡುವುದು ನೇರ ಪೂರ್ವಕ್ಕಲ್ಲ, ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದು. ಸಿಂಹಗಡದ ಮೇಲೆ ನೈಋತ್ಯಕ್ಕೆ ಮುಖ ಮಾಡಿ ನಿಂತರೆ ಬೆಳಕು ಎಡಗಡೆಯಿಂದ ಗುಡ್ಡಗಳನ್ನು ಸವರಿಕೊಂಡು ಬರುತ್ತದೆ. ಇಲ್ಲಿನ ಗುಡ್ಡಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರದ ಮೇಲೆ ಪದರವಾಗಿ ಹರಿದು ಆದವು, ಆದ್ದರಿಂದಲೇ ಮೆಟ್ಟಿಲು ಮೆಟ್ಟಿಲಾಗಿವೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಈ ಮೆಟ್ಟಿಲು ಕಾಣುವುದೇ ಇಲ್ಲ. ಪಕ್ಕದ ಬೆಳಕಿನಲ್ಲಿ ಒಂದೊಂದೂ ಎದ್ದು ಕಾಣುತ್ತದೆ. ಅದೂ ಅರ್ಧ ತಾಸು ಮಾತ್ರ. ಹಾಗಾಗಿ ಕತ್ತಲಿರುವಾಗಲೇ ಹತ್ತಿ, ಟ್ರೈಪಾಡ್ ನಿಲ್ಲಿಸಿ ಕಾಯುತ್ತೇನೆ. ಲೆನ್ಸಿನ ಕಿಂಡಿ ಎಫ್ 8, ಬೆಳಕಿನ ಸಂವೇದನೆ ಐಎಸ್‌ಒ 100, ಕೈ ತಾಗಿ ಅಲುಗದಿರಲೆಂದು ಎರಡು ಸೆಕೆಂಡಿನ ಟೈಮರ್. ಗಾಳಿ ಜೋರಿದ್ದರೆ ಟ್ರೈಪಾಡಿನ ನಡುಗಂಬಕ್ಕೆ ಬ್ಯಾಗನ್ನು ನೇತುಹಾಕುತ್ತೇನೆ. ಮಂಜು ಹೆಚ್ಚಿದ್ದರೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಇಮ್ಮಡಿ, ಏರಿಸಬೇಕು, ಇಲ್ಲವಾದರೆ ಕ್ಯಾಮೆರಾ ಬಿಳಿ ಮಂಜನ್ನು ಬೂದಿ ಬಣ್ಣಕ್ಕೆ ತಂದುಬಿಡುತ್ತದೆ. ಅಷ್ಟೆಲ್ಲ ಮಾಡಿಯೂ ಮೊದಲ ಚಳಿಗಾಲದಲ್ಲಿ ನಾಲ್ಕು ಸಲ ಹೋಗಿ ಮೂರು ಸಲ ಬರಿಗೈಯಲ್ಲಿ ಇಳಿದೆ. ಕೆಳಗಿಳಿಯುವ ಮುಂಚೆ ಝುಣಕಾ ಭಾಕರಿ, ಮಣ್ಣಿನ ಕುಡಿಕೆಯ ಗಟ್ಟಿ ಮೊಸರು. ಬರಿಗೈಯ ದಿನವೂ ಅದನ್ನು ತಪ್ಪಿಸಿದ್ದಿಲ್ಲ.

ಅಂದಿನಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಎಲ್ಲಿ ನಿಂತೆ, ಯಾವ ದಿಕ್ಕು, ಎಷ್ಟು ಗಂಟೆಗೆ ಬೆಳಕು ಎಲ್ಲಿಗೆ ಬಂತು, ಇಷ್ಟೇ. ಮನೆಯವರೊಂದಿಗೆ ಪ್ರವಾಸ ಹೋದಾಗ ಚಿತ್ರ ತೆಗೆಯಲು ಹಟ ಮಾಡುವುದಿಲ್ಲ. ಜಾಗ ನೋಡಿ ಬರೆದುಕೊಂಡು ಬರುತ್ತೇನೆ. ಚಿತ್ರಕ್ಕಾಗಿ ಆಮೇಲೆ ಒಬ್ಬನೇ ಹೋಗುತ್ತೇನೆ.

ಮಳೆಗಾಲದ್ದು ಬೇರೆಯೇ ಪಾಠ. ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಹೋದರೆ ಬಂಡೆಬಂಡೆಯಿಂದಲೂ ನೀರು. ಒದ್ದೆ ಎಲೆ, ಒದ್ದೆ ಕಲ್ಲು ಆಕಾಶದ ಬಿಳುಪನ್ನು ಪ್ರತಿಫಲಿಸಿ ಹಸಿರನ್ನೇ ತಿಂದುಹಾಕುತ್ತವೆ. ಇದಕ್ಕೆ ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಹೊಳಪು ತಗ್ಗಿಸುವ ಫಿಲ್ಟರ್ ಪೋಲರೈಸರ್ ಬಿಟ್ಟರೆ ಬೇರೆ ಮದ್ದಿಲ್ಲ, ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಆ ಹಸಿರು ವಾಪಸ್ ಬರುವುದಿಲ್ಲ. ಮೆಲ್ಲಗೆ ತಿರುಗಿಸುತ್ತಾ ಹೋದಂತೆ ಎಲೆಯ ಹೊಳಪು ಇಳಿದು ಬಣ್ಣ ಮೇಲೆದ್ದು ಬರುವುದನ್ನು ನೋಡುವಾಗ ಇಂದಿಗೂ ನನಗೆ ಖುಷಿಯಾಗುತ್ತದೆ. ಅದು ಬೆಳಕನ್ನು ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡುವುದರಿಂದ ಶಟರ್ ತಾನಾಗಿ ನಿಧಾನವಾಗುತ್ತದೆ; ಅರ್ಧ ಸೆಕೆಂಡಿನಲ್ಲಿ ನೀರು ಎಳೆಎಳೆಯಾಗಿ ಬರುತ್ತದೆ. ಅದಕ್ಕಿಂತ ಉದ್ದ ಮಾಡಿದರೆ ಹತ್ತಿಯ ಹಾಗೆ ಕಾಣುತ್ತದೆ, ನನಗೆ ಹಿಡಿಸದು.

ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಹಬೆ ಕಟ್ಟುತ್ತದೆ. ಘಾಟಿ ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಎಸಿ ಆರಿಸಿ ಕಿಟಕಿ ಇಳಿಸಿದರೆ ಆ ತೊಂದರೆ ಇಲ್ಲ. ದೊಡ್ಡ ನಷ್ಟ ಆದದ್ದು ಮನೆಯಲ್ಲಿ. ಒಂದು ಜುಲೈಯಲ್ಲಿ ಒದ್ದೆ ಬ್ಯಾಗನ್ನು ಹಾಗೆಯೇ ಕಪಾಟಿನಲ್ಲಿಟ್ಟು ಊರಿಗೆ ಹೋದೆ. ಗಣೇಶ ಚೌತಿಯ ಹೊತ್ತಿಗೆ ಉದ್ದ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಫಂಗಸ್ ಹಬ್ಬಿತ್ತು. ಬಿಚ್ಚಿ ತೊಳೆಸಿದೆ, ಗುರುತು ಮಾತ್ರ ಉಳಿಯಿತು, ಬೆಳಕಿಗೆ ಎದುರಾಗಿ ಹಿಡಿದರೆ ಚಿತ್ರ ಮಂಕಾಗುತ್ತದೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಲೆನ್ಸುಗಳನ್ನಿಡುತ್ತೇನೆ, ಒಳಗೊಂದು ತೇವಮಾಪಕ. ಮುಳ್ಳು 40 ಮತ್ತು 50ರ ನಡುವೆ ಇರಬೇಕು. ಜೆಲ್ಲಿನ ಬಣ್ಣ ಬದಲಾದರೆ ಅದಕ್ಕೆಂದೇ ತೆಗೆದಿಟ್ಟ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸುತ್ತೇನೆ.

ಮೂಲೆಗಿಟ್ಟಿದ್ದ ಅಗಲ ಲೆನ್ಸಿಗೆ ಕೆಲಸ ಸಿಕ್ಕಿದ್ದು ಕಾಸ್ ಪಠಾರದಲ್ಲಿ. ಪುಣೆಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲೇ ಸಾತಾರಾ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್. ಜಂಬಿಟ್ಟಿಗೆ ಕಲ್ಲಿನ ಬಯಲು, ಮೇಲೆ ಬೆರಳುದ್ದದಷ್ಟೂ ಇಲ್ಲದ ಮಣ್ಣು, ಸೆಪ್ಟೆಂಬರ್ ಬಂತೆಂದರೆ ಹೂವು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿತ್ತು. ಒಂದು ಚಿತ್ರಕ್ಕಾಗಿ ಹೂವು ತುಳಿದು ಒಳಗೆ ಹೋಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕಾಲುದಾರಿಯ ಅಂಚಿನಲ್ಲೇ ಬೇಕಾದಷ್ಟು ಇರುತ್ತವೆ.

ದಾರಿಯ ಮೇಲೆ ಮಂಡಿಯೂರಿ, ಲೆನ್ಸನ್ನು 18ಕ್ಕೆ ಇಟ್ಟು, ಹೂವಿನಿಂದ ಒಂದು ಗೇಣು ದೂರಕ್ಕೆ ತಂದೆ. ಮರಾಠಿಯವರು ಸೀತೇಚಿ ಆಸವೆ ಎನ್ನುವ, ಸೀತೆಯ ಕಣ್ಣೀರು, ಆ ನೇರಳೆ ಹೂವುಗಳು ಚೌಕಟ್ಟಿನ ಮುಂಭಾಗವನ್ನು ತುಂಬಿದವು. ಹಿಂದೆ ಬಯಲು, ಅದರಾಚೆ ಮೋಡ. ಎಫ್ 11. ಹೂವಿನ ಜೊತೆ ಹಿಂದಿನ ಬಯಲೂ ಆದಷ್ಟು ಸ್ಪಷ್ಟವಾಗಿ ಬರಲೆಂದು ಫೋಕಸ್ ಹೂವಿನ ಮೇಲಲ್ಲ, ಅದರಿಂದ ಸ್ವಲ್ಪ ಹಿಂದಕ್ಕೆ. ಗಾಳಿಗೆ ಹೂವು ನಿಲ್ಲುತ್ತಿರಲಿಲ್ಲ. ಐಎಸ್‌ಒ 800ಕ್ಕೆ ಏರಿಸಿ ಶಟರನ್ನು 1/250 ಸೆಕೆಂಡಿಗೆ ತಂದರೂ ಪಕಳೆಯ ಅಂಚು ಅಲುಗಿದಂತೆಯೇ ಬರುತ್ತಿತ್ತು. ಹೆಂಡತಿ ಛತ್ರಿ ಬಿಚ್ಚಿ ಗಾಳಿ ಬರುವ ಕಡೆಗೆ ಅಡ್ಡ ಹಿಡಿದಳು. "ಲಗೂ ತಗೀರಿ, ಕೈ ಸೋತಾವು" ಎಂದಳು. ಒಂದು ನಿಮಿಷ ಗಾಳಿ ನಿಂತಿತು. ಆರು ಚಿತ್ರ ತೆಗೆದೆ.

ಅಂದು ರಾತ್ರಿ ಧಾರವಾಡದ ಮನೆ ಮುಟ್ಟಿ, ಕೈಕಾಲು ತೊಳೆಯುವ ಮುಂಚೆಯೇ ಕ್ಯಾಮೆರಾವನ್ನು ಅಪ್ಪನ ಕೈಗೆ ಕೊಟ್ಟೆ.