ಎರಿ ಹೊಲದ ದಾರಿಗೆ ಎಂಥ ರನ್ನಿಂಗ್ ಶೂ?

ಕಲಬುರಗಿ ಕಡೆ ಚಳಿಗಾಲದ ಓಟಕ್ಕೆ ಶೂ ಕೊಳ್ಳುವ ಮುನ್ನ ನೀವು ಓಡುವ ನೆಲ ಎರಿಯೋ (ಕಪ್ಪು ಮಣ್ಣು), ಮಸಾರಿಯೋ (ಕೆಂಪು ಮಣ್ಣು), ಕಲ್ಲೋ ನೋಡಿಕೊಳ್ಳಿ. ಬ್ರ್ಯಾಂಡು, ಬೆಲೆ ಆಮೇಲಿನ ಮಾತು.

ಎರಿ ಮಣ್ಣು ಒಣಗಿದರೆ ಕಲ್ಲಿನಂತೆ ಗಟ್ಟಿ, ನೆನೆದರೆ ಅಂಟು. ಹಿಂದಿನ ರಾತ್ರಿ ನೀರು ಹಾಯಿಸಿದ ಹೊಲದ ಬದುವಿನಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಶೂ ಅಡಿಯ (ಸೋಲ್) ಹಲ್ಲುಗಳ ಸಂದು ಮುಚ್ಚಿ, ಅದರ ಮೇಲೆ ಹುಲ್ಲು, ರವದಿ ಮೆತ್ತಿಕೊಂಡು ಶೂ ರೊಟ್ಟಿಯಷ್ಟು ಅಗಲವಾಗುತ್ತದೆ. ಕಾಲು ಭಾರ, ಹಿಡಿತ ಇಲ್ಲ, ಪಾದ ಹೊರಳಿ ಮೀನಖಂಡ ಹಿಡಿಯುತ್ತದೆ. ಹಾಗಾಗಿ ಇಲ್ಲಿ ಹಲ್ಲಿನ ಎತ್ತರಕ್ಕಿಂತ ನಡುವಿನ ಅಂತರವೇ ಮುಖ್ಯ. 5ರಿಂದ 6 ಮಿ.ಮೀ. ಎತ್ತರ, ನಡುವೆ ಕಿರುಬೆರಳ ತುದಿ ಕೂರುವಷ್ಟು ಜಾಗ ಇದ್ದರೆ ಮಣ್ಣು ತಾನೇ ಉದುರುತ್ತದೆ. ಅಕಾಲಿಕ ಮಳೆಯ ಮರುದಿನ ಮಾತ್ರ ಎಂಥ ಶೂ ಇದ್ದರೂ ಎರಿಗೆ ಇಳಿಯಬೇಡಿ, ಮಸಾರಿ ದಾರಿಗೆ ಹೋಗಿ.

ಬೀದರಿನ ಕೆಂಪು ಮುರಕಲ್ಲು ರಬ್ಬರನ್ನು ಅರದಂತೆ ಸವೆಸುತ್ತದೆ, 4 ಮಿ.ಮೀ. ಹಲ್ಲು, ಗಟ್ಟಿ ರಬ್ಬರ್ ಇರಲಿ. ಯಾದಗಿರಿ ಬೆಟ್ಟದ ಬಂಡೆ, ಇಬ್ಬನಿ ಬಿದ್ದ ಶಹಾಬಾದ್ ಫರ್ಸಿ ಕಲ್ಲು ಇವಕ್ಕೆ ಬೇಕಿರುವುದು ತದ್ವಿರುದ್ಧ: ಉದ್ದ ಹಲ್ಲಿನ ತುದಿಯಷ್ಟೇ ಕಲ್ಲಿಗೆ ತಾಗಿ ಜಾರುತ್ತದೆ. 3 ಮಿ.ಮೀ.ನ ಅಗಲ ಹಲ್ಲು, ಮೆತ್ತನೆ ರಬ್ಬರ್ ಸರಿ.

ಹೊಸಬರು ಮರೆಯುವುದು ತೊಗರಿ ಕೂಳೆಯನ್ನು. ಡಿಸೆಂಬರ್–ಜನವರಿಯ ರಾಶಿ ಹೊತ್ತಿಗೆ ಕುಡುಗೋಲಿನಿಂದ ಓರೆಯಾಗಿ ಕೊಯ್ದ ದಂಟು ಉಳಿಯ ಬಾಯಿಯಂತೆ ಹರಿತ. ಬರೀ ಫೋಮಿನ ಸೋಲಾದರೆ ಅಂಗಾಲಿಗೇ ಚುಚ್ಚೀತು. ಅಂಗಡಿಯಲ್ಲೇ ಒಂದು ಕೈ ಶೂ ಒಳಗಿಟ್ಟು, ಮುಂಗಾಲಿನ ಅಡಿ ಕೀಲಿಕೈ ತುದಿಯಿಂದ ಒತ್ತಿ. ಮೊನೆ ಬೆರಳಿಗೆ ನಾಟಿದಂತಾದರೆ ಒಳಗೆ ರಾಕ್ ಪ್ಲೇಟ್ (ಮೊನೆ ತಡೆಯುವ ಗಟ್ಟಿ ಹಾಳೆ) ಇಲ್ಲ, ಆ ಶೂ ಬೇಡ. ಜಾಲಿ ಮುಳ್ಳು ಮಾತ್ರ ಪ್ಲೇಟಿನ ಬದಿಯಿಂದಲೂ ನುಗ್ಗುತ್ತದೆ. ಓಟ ಮುಗಿದೊಡನೆ ಸೋಲ್ ನೋಡಿ ಚಿಮಟದಿಂದ ಕಿತ್ತುಬಿಡಿ. ಬಿಟ್ಟರೆ ದಿನಾ ಒಂದಿಷ್ಟು ಒಳಗೆ ಸರಿಯುತ್ತದೆ.

ಅಳತೆಯನ್ನು ಸಂಜೆ ನೋಡಿ, ಆಗ ಪಾದ ಕೊಂಚ ಊದಿರುತ್ತದೆ. ಓಡುವ ಸಾಕ್ಸ್ ಹಾಕಿ ನಿಂತಾಗ ಬೆರಳ ಮುಂದೆ ಹೆಬ್ಬೆರಳಿನಗಲ ಜಾಗ ಬೇಕು; ಇಳಿಜಾರಿನಲ್ಲಿ ಉಗುರು ಕಪ್ಪಾಗುವುದು ಈ ಜಾಗ ಸಾಲದೇ. ಹಿಮ್ಮಡಿ ಜಾರಿದರೆ ಮೇಲಿನ ಕೊನೆಯ ತೂತಿಗೂ ಲೇಸು ಹಾಕಿ ಬಿಗಿಯಿರಿ.

ಸ್ಪರ್ಧೆಗೆ ಹಗುರ ಜೋಡಿ ಬೇಕೆಂದರೆ ಕೊಳ್ಳಿ, ಆದರೆ ಮೊದಲು ಅದೇ ನೆಲದಲ್ಲಿ ಮೂರ್ನಾಲ್ಕು ಸಲ ಓಡಿರಿ. ಕೆಸರಾದ ಶೂ ಒಲೆ ಹತ್ತಿರ ಇಟ್ಟರೆ ಅಂಟು ಬಿಟ್ಟು ಸೋಲ್ ಬಾಯಿ ತೆರೆಯುತ್ತದೆ. ಕಡ್ಡಿಯಿಂದ ಕೆರೆದು, ತಣ್ಣೀರಲ್ಲಿ ತೊಳೆದು, ಹಳೆ ಪೇಪರ್ ತುರುಕಿ ನೆರಳಲ್ಲಿಡಿ. ಎರಡು ತಾಸಿಗೊಮ್ಮೆ ಪೇಪರ್ ಬದಲಿಸಿ.